ಬರೆಯುವ ಹಕ್ಕು ಹಾಲಪ್ಪನಿಗೆ ಮಾತ್ರ

ಸರ್ವರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಯಾವ ಕೋರ್ಸ್ ಮಾಡಬೇಕು?" ಯಾವುದಾದರೂ ಮಾಡಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಈ ಕೆಲಸದಲ್ಲಿ ಒಬ್ಬರೇ ಕೂತಿರುವಾಗ ಭಯವಾಗುತ್ತದೆ ಎಂದು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಯಂತ್ರ ಕೆಟ್ಟರೆ ಭಯವಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಯಂತ್ರ ಸರಿಯಾಗಿಯೇ ಇದ್ದು, ನಾವು ಹೇಳದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರೆ ಬೆನ್ನ ಮೇಲೆ ತಣ್ಣನೆಯ ಕೈ ಇಟ್ಟಂತಾಗುತ್ತದೆ. ನನಗೆ ಆಗಿದೆ.

ನಾನು ಕೊಟ್ಟೂರಿನವಳು. ಟೈಪಿಂಗ್ ಕಲಿಸಿಕೊಂಡಿದ್ದವಳು ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಖಾಸಗಿ ಸಂಸ್ಥೆ ಸೇರಿದೆ. ಸಂಸ್ಥೆ ಈಗಿಲ್ಲ, ಅದರ ಹೆಸರು ಬೇಡ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಊರಿಗೊಂದು ಮಾಹಿತಿ ಕೇಂದ್ರ ತೆರೆದು, ಒಂದೊಂದು ಕಂಪ್ಯೂಟರ್ ಇಟ್ಟು, ಅದರಲ್ಲೇ ಪುಟ್ಟ ವೆಬ್ ಸರ್ವರ್ ನಡೆಸುತ್ತಿದ್ದರು. ಹಡಗಲಿಯ ಮಲ್ಲಿಗೆ ದರ, ಕೊಟ್ಟೂರಿನ ಶೇಂಗಾ ದರ, ಬಸ್ಸಿನ ವೇಳೆ, ಹೊಳೆಯ ನೀರಿನ ಮಟ್ಟ, ಇಷ್ಟೇ ನಮ್ಮ ಪುಟಗಳು. ಅವೆಲ್ಲ ಫೋನ್ ತಂತಿಯಲ್ಲಿ ತೆವಳಿಕೊಂಡು ಹಗರಿಬೊಮ್ಮನಹಳ್ಳಿಯ ಮುಖ್ಯ ಕಚೇರಿಗೆ ಬರುತ್ತಿದ್ದವು. ಪುಟ ತೆರೆಯದಿದ್ದರೆ ಕೈಚೀಲ ಹಿಡಿದು ಬಸ್ ಹತ್ತುವುದು ನನ್ನ ಉದ್ಯೋಗ.

ಮೊದಮೊದಲ ಪೇಚಾಟಗಳನ್ನು ನೆನೆದರೆ ಈಗ ನಗು ಬರುತ್ತದೆ. ಕೊಟ್ಟೂರಿನ ಸರ್ವರ್ ಒಮ್ಮೆ ಏಳಲೇ ಇಲ್ಲ. ಅದರ ಸೆಟ್ಟಿಂಗ್ ಫೈಲನ್ನು ಅಕ್ಷರ ಅಕ್ಷರ ಓದಿದೆ, ಒಂದು ತಪ್ಪೂ ಕಾಣಲಿಲ್ಲ. ಕಡೆಗೆ ಗೊತ್ತಾಯಿತು, ಯಾರೋ ಅದನ್ನು ಬೇರೆ ಬಗೆಯ ಕಂಪ್ಯೂಟರಿನಲ್ಲಿ ತೆರೆದು ತಿದ್ದಿದ್ದರು. ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿತ್ತು. ನನಗೆ ಕಾಣದ್ದು ಯಂತ್ರಕ್ಕೆ ಕಾಣುತ್ತಿತ್ತು. ಕೂಡ್ಲಿಗಿಯಲ್ಲಿ ಯಂತ್ರದೊಳಗಿನ ಗಡಿಯಾರದ ಬ್ಯಾಟರಿ ಸತ್ತು, ಹೊಸದಾಗಿ ಬರೆದ ಫೈಲುಗಳಿಗೆಲ್ಲ ಎಂದೋ ಕಳೆದುಹೋದ ವರ್ಷದ ತಾರೀಖು ಬೀಳುತ್ತಿತ್ತು. ಅಂದಿನಿಂದ ಯಾವ ಯಂತ್ರದ ಮುಂದೆ ಕೂತರೂ ಮೊದಲು ಗಡಿಯಾರ ನೋಡುವುದು ನನಗೆ ಚಟವಾಯಿತು.

ಇನ್ನು ನಮ್ಮ ಡೈರೆಕ್ಟರ್ ಸಾಹೇಬರು. ಸರ್ವರಿನಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ ಇರುತ್ತಾನೆ. ಯಾರು ಓದಬಹುದು, ಯಾರು ಬರೆಯಬಹುದು, ಯಾರು ನಡೆಸಬಹುದು ಎಂದು ಒಂದೊಂದಕ್ಕೂ ಹಕ್ಕು ಗೊತ್ತುಮಾಡಿರಬೇಕು. ಇದಕ್ಕೇ ಪರ್ಮಿಷನ್ ಅನ್ನುವುದು. ಸಾಹೇಬರಿಗೆ ಇದರಲ್ಲಿ ಗೊತ್ತಿದ್ದುದು ಒಂದೇ ಮದ್ದು. ಏನೇ ತೊಂದರೆ ಬರಲಿ, "ಏಳು ಏಳು ಏಳು ಹಾಕಿಬಿಡಮ್ಮ" ಎನ್ನುತ್ತಿದ್ದರು. ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಬೀದಿಗೆ ಬಾಗಿಲು ತೆಗೆದಿಟ್ಟಂತೆ. ನಾನು ಬೇಡವೆಂದರೂ ಕೇಳದೆ ಹಡಗಲಿಯಲ್ಲಿ ಹಾಗೇ ಮಾಡಿಸಿದರು. ಮರುದಿನವೇ ಯಾವನೋ ಕಿಡಿಗೇಡಿ ಮಲ್ಲಿಗೆ ದರದ ಜಾಗದಲ್ಲಿ "ಇವತ್ತು ಹೂವು ಪುಕ್ಕಟೆ" ಎಂದು ಬರೆದ. ಹೆಂಗಸರು ಬುಟ್ಟಿ ಹಿಡಿದು ಬಂದು ಕೇಂದ್ರದ ಮುಂದೆ ಕೂತರು. ಸಾಹೇಬರು ಮೈಲಾರಕ್ಕೆ ಹೋಗುವುದಿದೆ ಎಂದು ಹೇಳಿ ಹಿತ್ತಲ ಬಾಗಿಲಿನಿಂದ ಮಾಯವಾದರು. ಬೈಗುಳ ತಿಂದವಳು ನಾನು.

ಇವೆಲ್ಲ ನಗುವ ಮಾತಾಯಿತು. ಇನ್ನು ಹೇಳುವುದು ನಗುವಂಥದ್ದಲ್ಲ.

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ದಾಟಿ ಹೊಳೆಯ ದಂಡೆ ಹಿಡಿದು ಹೋದರೆ ಒಂದು ಸಣ್ಣ ಹಳ್ಳಿ. ಅಲ್ಲಿ ನಿಂತುಹೋದ ಏತ ನೀರಾವರಿಯ ಹಳೆಯ ಪಂಪ್‌ಹೌಸಿನಲ್ಲೇ ನಮ್ಮ ಕೇಂದ್ರವಿತ್ತು. ನೆಲದ ಕೆಳಗೆ ಹೊಳೆಗೆ ಕೊಳವೆ ಹಾಕಿ ಜೋಡಿಸಿದ ದೊಡ್ಡ ಬಾವಿ, ಅದರ ಬಾಯಿಗೆ ಕಬ್ಬಿಣದ ಮುಚ್ಚಳ. ಕೇಂದ್ರ ನೋಡಿಕೊಳ್ಳುತ್ತಿದ್ದವನು ಹಾಲಪ್ಪ. ಮೊದಲು ರೇಡಿಯೋ ಟಿ.ವಿ. ರಿಪೇರಿ ಮಾಡುತ್ತಿದ್ದವನು, ಕೈ ಬಹಳ ಚುರುಕು. ದಿನಾ ಬೆಳಿಗ್ಗೆ ಹೊಳೆಯ ಮೆಟ್ಟಿಲಿನ ಘಟ್ಟಕ್ಕೆ ಇಳಿದು, ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಅಳತೆ ನೋಡಿ, ನೀರು ಎಷ್ಟು ಅಡಿ ಇದೆ ಎಂದು ಪುಟಕ್ಕೆ ಹಾಕುವುದು ಅವನ ಕೆಲಸ. ಕೆಳಗಿನ ಊರುಗಳಲ್ಲಿ ಹರಿಗೋಲು ಹಾಕುವವರು ಅದನ್ನು ಕೇಳಿಕೊಂಡೇ ಹೊಳೆಗೆ ಇಳಿಯುತ್ತಿದ್ದರು. ಒಂದು ದಿನವೂ ಅವನ ಲೆಕ್ಕ ತಪ್ಪಿದ್ದಿಲ್ಲ.

ಅಂಥವನೇ ಹೊಳೆಯ ಪಾಲಾದ. ಆಚೆ ದಡದ ಊರಿಗೆ ಗೆಳೆಯನ ಮದುವೆಗೆ ಹೋಗಿದ್ದವನು ಬರುವಾಗ ಹರಿಗೋಲು ಮಗುಚಿತು. ಅವನ ದೇಹ ಮೈಲಾರದ ಹತ್ತಿರ ಸಿಕ್ಕಿತು. ಮಣ್ಣಾದ ಮೇಲೆ ನಾನು ಮಾತಾಡಿಸಲು ಹೋದಾಗ ಅವನ ಹೆಂಡತಿ ಬಸವ್ವ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಇನ್ನೂ ಚಿಕ್ಕ ವಯಸ್ಸು. ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು.

"ಆತನ ಹೆಸ್ರು ಆ ಮಿಷಿನ್ನಾಗ ಬ್ಯಾಡ್ರಿ ಅಕ್ಕಾರ. ಹೆಸ್ರು ಇದ್ರ ಆತ ಕಾಲು ಕಿತ್ತು ಹೋಗಂಗಿಲ್ಲ. ದಿನಾ ಬಂದು ಕುಂದರ್ತಾನ."

"ತೆಗಿತೀನಿ ಬಿಡವ್ವ," ಎಂದೆ.

"ಹೇಳಾದು ಒಂದ್ ಮಾತು ಉಳೀತ್ರಿ. ಮದುವಿ ಮುಗಿಸ್ಕೊಂಡು ಬರ್ಲಿ, ಆಮ್ಯಾಗ ಹೇಳಿದ್ರಾತು ಅಂದಿದ್ದೆ."

ಅವಳ ಅತ್ತೆ ನನ್ನನ್ನು ಹೊರಗೆ ಕರೆದು ವಿಷಯ ತಿಳಿಸಿದಳು. ಬಸವ್ವ ಬಸುರಿ. ಮೊದಲ ಬಸಿರು ಇಳಿದುಹೋಗಿತ್ತು. ಹಾಗಾಗಿ ಈ ಸಲ ಮೂರು ತಿಂಗಳು ತುಂಬುವವರೆಗೆ ಗಂಡನಿಗೂ ಹೇಳಬೇಡ ಎಂದು ಹಿರಿಯರು ಬಾಯಿ ಕಟ್ಟಿದ್ದರು. ತಿಂಗಳು ತುಂಬುವುದರೊಳಗೆ ಅವನು ಹೋದ. ನೇರ ಪಂಪ್‌ಹೌಸಿಗೆ ಹೋಗಿ ಅವನ ಖಾತೆ ತೆಗೆದುಹಾಕಿದೆ.

ಇಲ್ಲಿ ಹೊಸಬರಿಗೆ ಒಂದು ಮಾತು. ಖಾತೆ ತೆಗೆದರೆ ಆ ಮನುಷ್ಯನ ಫೈಲುಗಳು ತಾವಾಗಿ ಹೋಗುವುದಿಲ್ಲ. ಯಂತ್ರ ಒಳಗೊಳಗೆ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ ಕೊಟ್ಟಿರುತ್ತದೆ. ಖಾತೆ ಹೋದ ಮೇಲೆ, ಒಡೆಯನ ಹೆಸರಿದ್ದ ಜಾಗದಲ್ಲಿ ಆ ಬರೀ ಸಂಖ್ಯೆ ಉಳಿಯುತ್ತದೆ. ಹಾಲಪ್ಪನ ಫೈಲುಗಳೂ ಹಾಗೆ ಹೆಸರಿಲ್ಲದೆ ಉಳಿದವು. ಯಂತ್ರ ಆರಿಸಿ, ಬೀಗ ಹಾಕಿ ಬಂದೆ.

ಒಂದು ವರ್ಷಕ್ಕೂ ಮೇಲೆ ಆ ಕೇಂದ್ರ ಮುಚ್ಚಿತ್ತು. ಆಮೇಲೆ ಹೊಸಬನೊಬ್ಬ ಸಿಕ್ಕ. ಸತ್ತವನ ಚಿಕ್ಕಪ್ಪನ ಮಗ, ಅವನ ಹೆಸರೂ ಹಾಲಪ್ಪ. ಇದರಲ್ಲಿ ಸೋಜಿಗವೇನಿಲ್ಲ. ನಮ್ಮ ಕಡೆ ಅಜ್ಜನ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುವುದು ಪದ್ಧತಿ. ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡಿಕೊಂಡಿದ್ದರೆ ಮನೆಗೊಬ್ಬ ಹಾಲಪ್ಪ ಹುಟ್ಟುತ್ತಾನೆ. ಬಾಯಲ್ಲಿ ದೊಡ್ಡ ಹಾಲಪ್ಪ, ಸಣ್ಣ ಹಾಲಪ್ಪ. ಬರೆಯುವಾಗ ಎಲ್ಲರೂ ಬರೀ ಹಾಲಪ್ಪ. ನಾನೂ ಹಾಗೇ ಬರೆದೆ. ಆ ಹೆಸರಿನ ಖಾತೆ ಖಾಲಿ ಇದ್ದುದರಿಂದ ಯಂತ್ರ ಚಕಾರವೆತ್ತಲಿಲ್ಲ. ಮುಂದಿನ ಖಾಲಿ ಸಂಖ್ಯೆ ಎಂದು ಸತ್ತವನ ಸಂಖ್ಯೆಯನ್ನೇ ಇವನಿಗೂ ಕೊಟ್ಟಿತು. ಒಡೆಯನಿಲ್ಲದೆ ಬಿದ್ದಿದ್ದ ಫೈಲುಗಳೆಲ್ಲ ಒಂದೇ ಏಟಿಗೆ ಮತ್ತೆ ಹಾಲಪ್ಪನವಾದವು. ಪರ್ಮಿಷನ್ ಸರಿಮಾಡುವ ತಾಪತ್ರಯ ತಪ್ಪಿತು ಎಂದು ಖುಷಿಯಾಗಿಯೇ ಬಸ್ ಹತ್ತಿದೆ.

ಕೆಲವೇ ದಿನಕ್ಕೆ ಸಣ್ಣ ಹಾಲಪ್ಪನ ಫೋನು ಬಂತು.

"ಅಕ್ಕಾರ, ನಾ ಬರದದ್ದು ಬ್ಯಾರೆ, ಪುಟದಾಗ ಇರಾದು ಬ್ಯಾರೆ. ಯಾರೋ ತಿದ್ದಾಕ ಹತ್ಯಾರ್ರಿ."

"ನೀನೇ ತಪ್ಪು ಬರೆದಿರ್ತೀಯ."

"ನಾ ಖರೇ ಹೇಳ್ಬೇಕಂದ್ರ ಘಟ್ಟಕ್ಕ ಹೋಗಿದ್ದಿಲ್ರಿ, ಅಂದಾಜಿಗೆ ಬರದಿದ್ದೆ. ಆಮ್ಯಾಗ ಅಂಜಿಕಿ ಬಂದು ಹೋಗಿ ನೋಡಿದ್ರ, ತಿದ್ದಿದ್ದೇ ಸರಿ ಐತ್ರಿ! ದೊಡ್ಡಣ್ಣ ಹೋಗಿ ನೋಡಿ ಬರ್ತಾನ್ರಿ ಅಕ್ಕಾರ."

ಚೆನ್ನಾಗಿ ಬೈದು ಫೋನಿಟ್ಟೆ. ಆದರೂ ಮುಖ್ಯ ಕಚೇರಿಯಿಂದಲೇ ತಂತಿಯ ಮೂಲಕ ಆ ಯಂತ್ರಕ್ಕೆ ಹೊಕ್ಕು, ಹೊಳೆಯ ಪುಟದ ಪರ್ಮಿಷನ್ ಬಿಗಿ ಮಾಡಿದೆ. ಎಲ್ಲರೂ ಓದಬಹುದು, ಬರೆಯುವ ಹಕ್ಕು ಹಾಲಪ್ಪನಿಗೆ ಮಾತ್ರ. ಮರುದಿನವೂ ಪುಟ ಬದಲಾಯಿತು. ಬದಲಾಯಿಸಿದವರು ಯಾರು ಎಂದು ಯಂತ್ರವನ್ನೇ ಕೇಳಿದೆ. ಹಾಲಪ್ಪ ಎಂದು ತೋರಿಸಿತು. ಆ ಹೊತ್ತಿನಲ್ಲಿ ಸಣ್ಣ ಹಾಲಪ್ಪ ಹರಪನಹಳ್ಳಿಯ ಸಂತೆಯಲ್ಲಿದ್ದ. ಇದನ್ನು ತಿಳಿಸಿದ್ದೇ ತಡ, ಅವನು ಕೇಂದ್ರದ ಬಾಗಿಲಿಗೆ ಬೀಗ ಜಡಿದು, ಯಂತ್ರ ಆರಿಸಲೂ ಒಳಗೆ ಹೋಗದೆ, ಬೀಗದ ಕೈಯನ್ನು ಹಲವಾಗಲಿನ ಅಂಗಡಿಯೊಂದರಲ್ಲಿ ನನಗಾಗಿ ಬಿಟ್ಟುಬಿಟ್ಟ.

ಸಾಹೇಬರಿಗೆ ತಿಳಿಸಿದರೆ, "ಏಳು ಏಳು ಏಳು ಹಾಕು" ಎಂದರು. "ಸಾರ್, ಈಗಿರುವ ಒಬ್ಬನೇ ಸಾಕಾಗಿದ್ದಾನೆ" ಎಂದು ಹೇಳಿ ಹೊರಟೆ.

ಬಸ್ಸಿನವನು ಊರ ಹೊರಗಿನ ತಿರುವಿನಲ್ಲೇ ನಿಲ್ಲಿಸಿದ. "ಇವತ್ತ ಒಳಗ ಯಾರೂ ಇಳಿಯಂಗಿಲ್ಲಲ್ರಿ," ಎಂದ. ನನಗೆ ಅವಸರ, ಯಾಕೆ ಎಂದು ಕೇಳಲಿಲ್ಲ. ಮಿರುಗ, ಅಂದರೆ ಮೃಗಶಿರಾ ಮಳೆ ಹಿಡಿಯಬೇಕಾದ ದಿನಗಳು, ನಮ್ಮಲ್ಲಿ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ನಡು ಹಗಲಿನ ಬಿಸಿಲು ಚುರುಚುರು ಎನ್ನುತ್ತಿತ್ತು. ಊರ ಅಗಸಿ ಬಾಗಿಲ ಹತ್ತಿರ ಬಂದರೆ ದಾರಿಗೆ ಅಡ್ಡಲಾಗಿ ಮುಳ್ಳು, ಮುಳ್ಳಿನ ಮೇಲೆ ಬೇವಿನ ಸೊಪ್ಪು, ನೆಲದ ಮೇಲೆ ಬೂದಿಯ ಗೆರೆ. ಆಗ ಹೊಳೆಯಿತು. ಆ ದಿನ ಹೊರಬೀಡು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿಗೆ ಅಂಟಿದ ಬೇನೆ ಬೇಸರಿಕೆ ಕಳೆಯಲಿ ಎಂದು ಒಂದು ದಿನ ಊರಿಗೆ ಊರೇ ಒಲೆ ಆರಿಸಿ, ಬಾಗಿಲು ಹಾಕಿ, ದನ ಕರು ನಾಯಿ ಕೋಳಿ ಸಮೇತ ಹೊರಗೆ ಹೋಗಿ ಅಲ್ಲೇ ಅಟ್ಟು ಉಣ್ಣುತ್ತದೆ. ಹೊತ್ತು ಮುಳುಗುವವರೆಗೆ ಊರು ದೇವಿಯದು. ಒಳಗೆ ಯಾರೂ ಇರಬಾರದು, ಒಳಗಿನಿಂದ ಬಂದವರನ್ನು ಹತ್ತಿರ ಸೇರಿಸಬಾರದು. ನಾನು ತಿರುಗಿ ಹೋಗಬೇಕಿತ್ತು. ಆದರೆ ಅಷ್ಟು ದೂರ ಬಂದು ಬರಿಗೈಲಿ ಹೋಗುವ ಸ್ವಭಾವ ನನ್ನದಲ್ಲ. ಸೀರೆ ಎತ್ತಿ ಮುಳ್ಳು ದಾಟಿದೆ.

ಖಾಲಿ ಊರನ್ನು ನೀವು ನೋಡಿರಲಾರಿರಿ. ಜನ ನಿದ್ದೆ ಮಾಡುವ ಊರು ಬೇರೆ, ಜನವಿಲ್ಲದ ಊರು ಬೇರೆ. ಒಂದು ಕಾಗೆ ಕೂಗಲಿಲ್ಲ. ಬೀಸುವ ಕಲ್ಲು, ಒರಳು, ಕಟ್ಟೆ, ನೀರಿನ ಕೊಡ, ಎಲ್ಲ ಇದ್ದಲ್ಲೇ ಇದ್ದವು. ನನ್ನ ಚಪ್ಪಲಿ ಸದ್ದು ಎದುರು ಗೋಡೆಗೆ ಬಡಿದು ನನ್ನ ಹಿಂದಿನಿಂದ ಬರುತ್ತಿತ್ತು. ಎರಡು ಸಲ ತಿರುಗಿ ನೋಡಿದೆ. ಮೂರನೆಯ ಸಲ ನೋಡಲು ಧೈರ್ಯ ಬರಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೆ.

ಪಂಪ್‌ಹೌಸಿನ ಬೀಗ ತೆಗೆದರೆ ಒಳಗೆ ಕತ್ತಲು, ತಂಪು, ಪಾಚಿಯ ವಾಸನೆ. ಯಂತ್ರ ಗುಂಯ್ ಎನ್ನುತ್ತಿತ್ತು, ಪರದೆ ಬೆಳಗುತ್ತಿತ್ತು. ಮೊದಲು ಗಡಿಯಾರ ನೋಡಿದೆ. ನನ್ನ ಕೈಗಡಿಯಾರಕ್ಕೂ ಅದಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ಒಳಗೆ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ನೋಡಿದೆ. ನನ್ನ ಹೊರತು ಯಾರೂ ಇಲ್ಲ. ಸರಿ ಎಂದು ಹೊಳೆಯ ಪುಟದ ಮೇಲೆ ಹಾಲಪ್ಪನಿಗಿದ್ದ ಬರೆಯುವ ಹಕ್ಕನ್ನೂ ಕಿತ್ತುಹಾಕಿದೆ. ಈಗ ಅದನ್ನು ಯಾರೂ ಬರೆಯುವಂತಿಲ್ಲ, ಓದಬಹುದು ಅಷ್ಟೇ. "ಈಗ ಬರಿ ನೋಡೋಣ," ಎಂದು ಜೋರಾಗಿಯೇ ಹೇಳಿದೆ. ಹೇಳಿದ ಮೇಲೆ, ಯಾಕಾದರೂ ಹೇಳಿದೆನೋ ಅನ್ನಿಸಿತು.

ಮೂಲೆಯ ಬೀರುವಿನ ಹಿಂದೆ ಕಿರ್ರ್ ಎಂದಿತು. ಇಲಿ ಇರಬೇಕೆಂದುಕೊಂಡೆ. ಸ್ವಲ್ಪ ಬಿಟ್ಟು ಮತ್ತೆ ಕಿರ್ರ್. ಪರದೆ ನೋಡಿದರೆ ಪುಟ ಬದಲಾಗಿತ್ತು. ನೀರು ಅರ್ಧ ಅಡಿ ಏರಿದೆ. ಒಡೆಯ ಹಾಲಪ್ಪ.

ಬರೆಯಲು ಹಕ್ಕೇ ಇಲ್ಲದ ಫೈಲನ್ನು ಬರೆದವರು ಯಾರು? ಆಮೇಲೆ ತಲೆ ಓಡಿತು. ಫೈಲಿಗೆ ಬೀಗ ಹಾಕಿದ್ದೆ, ಅದಿದ್ದ ಫೋಲ್ಡರಿಗೆ ಹಾಕಿರಲಿಲ್ಲ. ಫೋಲ್ಡರ್ ತನ್ನದಾದವನು ಹಳೆಯ ಫೈಲನ್ನು ತೆಗೆದೊಗೆದು ಅದೇ ಹೆಸರಿನ ಹೊಸದನ್ನು ಇಡಬಹುದು. ಪೆಟ್ಟಿಗೆಗೆ ಬೀಗ ಹಾಕಿ ಕೋಣೆಯ ಬಾಗಿಲು ತೆರೆದಿಟ್ಟರೆ ಪೆಟ್ಟಿಗೆಯನ್ನೇ ಬದಲಾಯಿಸುತ್ತಾರಲ್ಲ, ಹಾಗೆ. ಸರಿ, ಫೋಲ್ಡರನ್ನೂ ಮುಚ್ಚುತ್ತೇನೆ ಎಂದು ಆಜ್ಞೆ ಟೈಪ್ ಮಾಡಿದೆ. ಕೊನೆಯ ಕೀಲಿ ಒತ್ತುವುದೊಂದು ಬಾಕಿ. ಬೀರುವಿನ ಹಿಂದೆ ಬಿಡದೆ ಕಿರ್ರ್ ಕಿರ್ರ್ ಎನ್ನತೊಡಗಿತು. ನೆಲದ ಕೆಳಗೆ ಬಾವಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ ಗುಳುಗುಳು ಸದ್ದು. ಪುಟ ಮತ್ತೆ ಬದಲಾಯಿತು. ಒಂದೂವರೆ ಅಡಿ. ಅದರ ಕೆಳಗೆ ಅದುವರೆಗೆ ಎಂದೂ ಇರದಿದ್ದ ಒಂದು ಸಾಲು ಕಾಣಿಸಿತು.

"ಬಸವ್ವ, ನೀರು ಬರ್ತಾವ. ಕೂಸಿನ ಎತ್ತಿಕೊಂಡು ಮೇಲಕ್ಕ ನಡಿ."

ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಆಗ ನನ್ನ ಮೈಮೇಲಿನ ಒಂದೊಂದು ಕೂದಲೂ ನಿಂತಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲೇ ಇನ್ನೊಂದು ನೆನಪಾಗಿ ಅದಕ್ಕಿಂತ ಹೆಚ್ಚು ಹೆದರಿದೆ. ಆ ಊರಿನವರು ಹೊರಬೀಡಿಗೆ ಹೋಗುವುದು ಹೊಳೆಯ ನಡುವಿನ ಮರಳ ದಿಬ್ಬಕ್ಕೆ. ದಿಬ್ಬಕ್ಕೂ ಊರ ದಂಡೆಗೂ ನಡುವೆ ಒಂದು ಒಣ ಕಾಲುವೆ. ಮೇಲೆ ಮಲೆನಾಡಿನಲ್ಲಿ ಮಳೆ ಬಿದ್ದು ಹೊಸ ನೀರು ಬಂದರೆ ಮೊದಲು ತುಂಬುವುದು ಆ ಕಾಲುವೆ. ದಿಬ್ಬದ ಮೇಲೆ ಕೂತವರಿಗೆ ಅದು ಗೊತ್ತಾಗುವ ಹೊತ್ತಿಗೆ ದಾರಿಯೇ ಇರುವುದಿಲ್ಲ. ಇಡೀ ಊರು, ಮಕ್ಕಳು ಮುದುಕರು, ಅಲ್ಲಿದೆ. ಒತ್ತದ ಕೀಲಿಯನ್ನು ಹಾಗೇ ಬಿಟ್ಟು, ಚಪ್ಪಲಿ ಬಾಚಿಕೊಂಡು ಓಡಿದೆ.

ದಂಡೆಗೆ ಬಂದರೆ, ಏರಿದ ನೀರು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಕಾಲುವೆಯ ಮರಳು ಒಣಗಿ ಬೆಳ್ಳಗಿದೆ. ಆಚೆ ದಿಬ್ಬದ ಮೇಲೆ ಹತ್ತಾರು ಒಲೆಗಳ ಹೊಗೆ, ಮಕ್ಕಳ ಕೇಕೆ, ಹೋಳಿಗೆ ಬೇಯುವ ವಾಸನೆ. ನಾನು ಕಂಡಿದ್ದೇ ತಡ ಒಬ್ಬಳು ಚಿಟ್ಟನೆ ಚೀರಿದಳು.

"ಊರೊಳಗಿಂದ ಬಂದಾಳ! ಯಾರೋ ಊರೊಳಗಿಂದ ಬಂದಾಳ!"

ದೇವಿಯ ಪೂಜೆ ಮಾಡುವ ಮುದುಕಿ ಬೇವಿನ ಕೊಂಬೆ ಹಿಡಿದು ಅಂಚಿಗೆ ಬಂದಳು.

"ಅಲ್ಲೇ ನಿಂದ್ರು! ದಾಟಿದ್ರ ನೋಡು! ನೀ ಯಾರು? ಮನುಷ್ಯಾಳೋ, ಮತ್ತೇನೋ?"

ಬಿಚ್ಚಿದ ತಲೆ, ಕೈಯಲ್ಲಿ ಚಪ್ಪಲಿ, ಬರಿಗಾಲು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ.

"ನಾನವ್ವ, ಕಂಪ್ಯೂಟ್ರಿನಾಕಿ! ಹೊಳಿ ಬರ್ತೈತಿ, ಈ ಕಡಿ ಬರ್ರಿ ಎಲ್ಲಾರು!"

"ಹೊತ್ತು ಮುಣಗೋತನಕ ಬೀಡು ಎಬ್ಬಸಂಗಿಲ್ಲ. ಬಾನಾಗ ಒಂದು ಮಾಡ ಇಲ್ಲ. ಹೊಳಿ ಬರ್ತೈತಿ ಅಂತ ನಿನಗ ಯಾರು ಹೇಳಿದ್ರು?"

ಬಾಯಿಗೆ ಬಂದದ್ದು ಒಂದೇ ಉತ್ತರ. "ಹಾಲಪ್ಪ."

ಎಲ್ಲರೂ ತಿರುಗಿ ಸಣ್ಣ ಹಾಲಪ್ಪನನ್ನು ನೋಡಿದರು. ಅವನು ಸೌಟು ಹಿಡಿದು ಪಾಯಸದ ಹಂಡೆಯ ಮುಂದೆ ನಿಂತಿದ್ದ.

"ನಾ ಇಲ್ಲೇ ಅದೀನಲ್ರಿ," ಎಂದ. ಸೌಟು ಹಂಡೆಯೊಳಗೆ ಬಿತ್ತು.

"ದೊಡ್ಡ ಹಾಲಪ್ಪ," ಎಂದೆ. "ಬಸವ್ವ, ಎಲ್ಲದೀಯವ್ವ? ನಿನಗ ಹೇಳ್ಯಾನ. ನೀರು ಬರ್ತಾವ, ಕೂಸಿನ ಎತ್ತಿಕೊಂಡು ಮೇಲಕ್ಕ ನಡಿ ಅಂತ ಹೇಳ್ಯಾನ."

ಒಲೆಯ ಹತ್ತಿರ ಕೂತಿದ್ದ ಬಸವ್ವ ಎದ್ದು ನಿಂತಳು. ಮರಳಲ್ಲಿ ಆಡುತ್ತಿದ್ದ ಮಗಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಬೆಂಕಿ, ಪಾತ್ರೆ, ಹೋಳಿಗೆ ಯಾವುದನ್ನೂ ನೋಡದೆ ನೇರ ಕಾಲುವೆಗೆ ಇಳಿದು ನನ್ನ ಕಡೆ ನಡೆದು ಬಂದಳು. ಮುದುಕಿ ಅವಳನ್ನು ತಡೆಯಲು ಕೊಂಬೆ ಎತ್ತಿದವಳು ಹಾಗೇ ಇಳಿಸಿದಳು. ಅವಳ ಹಿಂದೆ ಅವಳ ಅತ್ತೆ, ಅತ್ತೆಯ ಹಿಂದೆ ಮತ್ತೊಬ್ಬಳು, ಆಮೇಲೆ ಇಡೀ ದಿಬ್ಬವೇ ಎದ್ದಿತು.

ದನಗಳನ್ನು ಹೊಡೆದುಕೊಂಡು ಬರುವ ಹೊತ್ತಿಗೆ ಮರಳು ಒದ್ದೆಯಾಗಿತ್ತು. ಕೊನೆಯವನಾಗಿ ಸಣ್ಣ ಹಾಲಪ್ಪ ಆ ಮುದುಕಿಯನ್ನು ಹೆಗಲ ಮೇಲೆ ಹೊತ್ತು ದಾಟುವಾಗ ಅವನ ಮೊಣಕಾಲು ಮುಳುಗಿತ್ತು. ಎಲ್ಲರೂ ದಂಡೆಯ ಮೇಲಿನ ಹೊಲದ ಬದುವಿನಲ್ಲಿ ನಿಂತು ನೋಡುತ್ತಿದ್ದಂತೆ ಕೆಂಪು ನೀರು ಸದ್ದಿಲ್ಲದೆ ಬಂದು ದಿಬ್ಬವನ್ನು ಸುತ್ತಿತು. ಒಂದೊಂದೇ ಒಲೆ ಚುಂಯ್ ಎಂದು ಆರಿತು. ಪಾಯಸದ ಹಂಡೆ ತೇಲಿಕೊಂಡು ಮೈಲಾರದ ದಿಕ್ಕಿಗೆ ಹೋಯಿತು. ಬಿಸಿಲು ಮಾತ್ರ ಹಾಗೇ ಇತ್ತು. ಹೊತ್ತು ಮುಳುಗುವವರೆಗೆ ಅಲ್ಲೇ ನಿಂತಿದ್ದು, ಅರಿಶಿನದ ನೀರು ಚಿಮುಕಿಸಿಕೊಂಡು ಊರು ಹೊಕ್ಕೆವು. ನನಗೆ ಇಬ್ಬರಷ್ಟು ಚಿಮುಕಿಸಿದರು.

ಮರುದಿನ ಬೆಳಿಗ್ಗೆ ನಾನೂ ಸಣ್ಣ ಹಾಲಪ್ಪನೂ ಬೀರು ಸರಿಸಿದೆವು. ಹಿಂದೆ ಗೋಡೆಗೆ ಒಂದು ಗಾಲಿ, ಗಾಲಿಯ ಮೇಲೆ ಮೀನಿನ ದಾರ. ದಾರದ ಒಂದು ತುದಿಯಲ್ಲಿ ಕಲ್ಲಿನ ಭಾರ, ಇನ್ನೊಂದು ತುದಿ ಮುಚ್ಚಳದ ಸಂದಿಯಿಂದ ಬಾವಿಗೆ ಇಳಿದು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನ ಮೇಲೆ ತೇಲಿಸುತ್ತಿತ್ತು. ಹೊಳೆ ಏರಿದರೆ ಬಾವಿ ಏರುತ್ತದೆ, ಡಬ್ಬಿ ಏರುತ್ತದೆ, ಗಾಲಿ ತಿರುಗುತ್ತದೆ. ಗಾಲಿಯ ನಡುವೆ ಹಳೆಯ ಟಿ.ವಿ.ಯ ದನಿ ಏರಿಸುವ ತಿರುಪು. ಅದರಿಂದ ಎರಡು ತಂತಿ ಕಂಪ್ಯೂಟರಿನ ಹಿಂಭಾಗಕ್ಕೆ, ವಿಡಿಯೋ ಆಟದ ಹಿಡಿಕೆ ಸಿಕ್ಕಿಸುವ ಜಾಗಕ್ಕೆ ಹೋಗಿದ್ದವು. ದೊಡ್ಡ ಹಾಲಪ್ಪ ಘಟ್ಟಕ್ಕೆ ಇಳಿಯುತ್ತಲೇ ಇರಲಿಲ್ಲ! ಎಲ್ಲರ ಕಣ್ಣಿಗೆ ಮಣ್ಣೆರಚಿ, ಅಳೆಯುವ ಕೆಲಸವನ್ನು ಡಬ್ಬಿಗೆ ಒಪ್ಪಿಸಿಬಿಟ್ಟಿದ್ದ. ಆ ಜಾಣನ ಮೇಲೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಉಳಿದದ್ದು ಯಂತ್ರದ ಒಳಗಿನ ಸಂಗತಿ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ತಾನಾಗಿ ಮಾಡಿಸುವ ಒಂದು ಏರ್ಪಾಡು ಸರ್ವರಿನಲ್ಲಿರುತ್ತದೆ. ಹಾಲಪ್ಪ ಅಲ್ಲಿ ತನ್ನ ಹೆಸರಿನಲ್ಲಿ ಕೆಲಸ ಹಚ್ಚಿದ್ದ. ಅವನ ಖಾತೆ ತೆಗೆದಾಗ ಅದು ಸಾಯಲಿಲ್ಲ, ಮಲಗಿತು ಅಷ್ಟೇ. ಒಡೆಯನಿಲ್ಲದ ಅಂಥ ಕೆಲಸವನ್ನು ಯಂತ್ರ ತನ್ನ ಭಾಷೆಯಲ್ಲಿ ಅನಾಥ ಎಂದು ಕರೆಯುತ್ತದೆ. ಇದು ನಾನು ಕಟ್ಟಿದ ಮಾತಲ್ಲ, ಯಂತ್ರ ತಾನೇ ಬರೆದಿಡುವ ದಿನಚರಿ, ಲಾಗಿನಲ್ಲಿ ಹಾಗೇ ಬಿದ್ದಿರುತ್ತದೆ. ನಾನು ಅದೇ ಹೆಸರಿನ ಖಾತೆ ತೆರೆದ ಕೂಡಲೇ ಅನಾಥನಿಗೆ ಒಡೆಯ ಸಿಕ್ಕಿದ, ಕೆಲಸ ಎದ್ದು ಕೂತಿತು. ನೀರು ಒಮ್ಮೆಲೇ ಒಂದು ಅಡಿಗಿಂತ ಹೆಚ್ಚು ಏರಿದರೆ ಪುಟದ ಕೆಳಗೆ ಆ ಸಾಲು ಹಾಕು ಎಂದೂ ಅದರಲ್ಲಿ ಬರೆದಿತ್ತು. ಘಟ್ಟದ ಮೇಲೆ ಎಲ್ಲಕ್ಕಿಂತ ತಗ್ಗಿನಲ್ಲಿದ್ದದ್ದು ಅವನದೇ ಮನೆ. ತಾನು ಊರಲ್ಲಿ ಇಲ್ಲದ ದಿನ ನೀರು ಬಂದರೆ ಕೇಂದ್ರಕ್ಕೆ ಬಂದ ಯಾರಾದರೂ ಓದಿ ಹೆಂಡತಿಗೆ ಹೇಳಲಿ ಎಂದು ಬರೆದಿದ್ದನೋ ಏನೋ.

ಎಲ್ಲ ಬಗೆಹರಿಯಿತು ಎಂದು ಸಣ್ಣ ಹಾಲಪ್ಪನಿಗೆ ಹೇಳುತ್ತಿರುವಾಗ ಬಸವ್ವ ಮಗಳನ್ನು ಎತ್ತಿಕೊಂಡು ಬಂದಳು. ಪರದೆಯ ಮುಂದೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಕೂ, ಸಿ, ನ" ಎಂದು ಓದಿ ತಡೆದಳು.

"ಇದನ್ನ ಯಾವಾಗ ಬರದಾನ್ರಿ?"

"ಯಾಕವ್ವ?"

"ಆತ ಇದ್ದಾಗ ಕೂಸೆಲ್ಲಿ ಇತ್ರಿ ಅಕ್ಕಾರ?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಆ ಸಾಲು ಇದ್ದ ಫೈಲಿನ ತಾರೀಖು ನೋಡಿದೆ. ಪಕ್ಕದಲ್ಲೇ ಅದರ ಹಳೆಯ ಪ್ರತಿಯೂ ಇತ್ತು. ಫೈಲನ್ನು ತಿದ್ದಿದಾಗ ತಿದ್ದುವ ಮುಂಚಿನದನ್ನು ಹಾಗೇ ಪಕ್ಕಕ್ಕೆ ಉಳಿಸಿಡುವುದು ಆ ಕಾಲದ ಯಂತ್ರಗಳ ರೂಢಿ. ಹಳೆಯದರಲ್ಲಿ "ಬಸವ್ವ, ನೀರು ಬರ್ತಾವ. ಮೇಲಕ್ಕ ನಡಿ" ಎಂದಷ್ಟೇ ಇತ್ತು. ತಿದ್ದಿದ್ದು ಅವನು ಮದುವೆಗೆ ಹೊರಟ ದಿನ, ಬೆಳಗಿನ ಹೊತ್ತು. ಎರಡು ಮಾತು ಸೇರಿಸಿ, ಬೀಗ ಹಾಕಿಕೊಂಡು, ಹರಿಗೋಲು ಹತ್ತಿದ್ದ. ಗಡಿಯಾರದಲ್ಲಿ ತಪ್ಪಿರಲಿಲ್ಲ ಎಂದು ಆಗಲೇ ಹೇಳಿದ್ದೇನೆ.

ಇದ್ದದ್ದನ್ನು ಇದ್ದಹಾಗೆ ಬಸವ್ವನಿಗೆ ಹೇಳಿದೆ. ಅವಳು ಪರದೆಯ ಮೇಲಿನ ಆ ಎರಡು ಮಾತಿನ ಮೇಲೆ ಬೆರಳಾಡಿಸಿದಳು.

"ಹಂಗಾರ ಗೊತ್ತಿತ್ತು ಆತಗ," ಎಂದಳು. ಗಂಡ ಹೋದ ಮೇಲೆ ಅವಳ ಮುಖದಲ್ಲಿ ನಾನು ನಗು ಕಂಡದ್ದು ಅದೇ ಮೊದಲು. ಆಮೇಲೆ ಆ ನಗು ನಿಧಾನಕ್ಕೆ ಇಳಿಯಿತು. "ನಾ ಬಂದು ಎತ್ಕೊಂತೀನಿ ಅಂತ ಯಾಕ ಬರೀಲಿಲ್ರಿ? ನೀನ ಎತ್ತಿಕೊಂಡು ನಡಿ ಅಂತ ಯಾಕ ಬರದ?"

ನಾನು ಆ ಫೈಲು ಮುಚ್ಚಿ, ಖಾತೆಗಳ ಪಟ್ಟಿ ತೆರೆದೆ.

ಹೆಸರು ಇರಲೋ ತೆಗೆಯಲೋ ಎಂದು ಕೇಳಿದೆ. "ತಗೀರಿ. ಹೇಳಾದು ಹೇಳ್ಯಾನ. ಇನ್ನ ಎಷ್ಟು ದಿನ ದುಡಿಸ್ತೀರಿ ಆತನ್ನ?" ಎಂದಳು. ಅಳೆಯುವ ಕೆಲಸಕ್ಕೆಂದೇ ಯಾವ ಮನುಷ್ಯನ ಹೆಸರೂ ಅಲ್ಲದ ಒಂದು ಖಾತೆ ತೆರೆದೆ, ಹೊಳೆ ಎಂದು ಹೆಸರಿಟ್ಟೆ. ಫೈಲುಗಳನ್ನೆಲ್ಲ ಅದಕ್ಕೆ ಒಪ್ಪಿಸಿದೆ. ಹಾಲಪ್ಪನ ಹೆಸರು ತೆಗೆದೆ. ಸಣ್ಣ ಹಾಲಪ್ಪನಿಗೆ ಅವನ ಅಪ್ಪನ ಹೆಸರು ಸೇರಿಸಿ ಬೇರೆ ಖಾತೆ, ಬೇರೆ ಸಂಖ್ಯೆ ಕೊಟ್ಟೆ. ಸಾಹೇಬರು ಫೋನಿನಲ್ಲಿ, "ವೈರಸ್ ಎಂದು ವರದಿ ಬರೆ, ಆ ಸಾಲು ಅಳಿಸು" ಎಂದರು. ವರದಿ ಅವರು ಹೇಳಿದಂತೆಯೇ ಬರೆದೆ. ಸಾಲನ್ನು ಮಾತ್ರ ಮುಟ್ಟಲಿಲ್ಲ.

ಸಂಸ್ಥೆ ಮುಚ್ಚುವವರೆಗೂ ಅದು ಹಾಗೇ ಇತ್ತು. ಪ್ರತಿ ವರ್ಷ ಹೊಸ ನೀರು ಬಂದ ದಿನ ಪುಟದ ಕೆಳಗೆ ಅದೇ ಸಾಲು ಮೂಡುತ್ತಿತ್ತು. ಸಣ್ಣ ಹಾಲಪ್ಪ ಓಡಿಹೋಗಿ ಬಸವ್ವನ ಮನೆಯ ಮುಂದೆ ನಿಂತು ಅದನ್ನು ಓದಿದಂತೆಯೇ ಕೂಗುತ್ತಿದ್ದ. ಊರ ಹೆಂಗಸರೆಲ್ಲ ತಂತಮ್ಮ ಮಕ್ಕಳನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತಿದ್ದರು. ಕೊನೆಯ ವರ್ಷ ನಾನು ಹೋದಾಗ ಬಸವ್ವನ ಮಗಳು ಶಾಲೆಯ ಚೀಲ ಹಾಕಿಕೊಂಡು ಓಡಾಡುವಷ್ಟು ಬೆಳೆದಿದ್ದಳು. "ಬಿಡವ್ವ, ನಾ ನಡಿತೀನಿ" ಎಂದು ಕೊಸರಾಡುತ್ತಿದ್ದಳು. ಬಸವ್ವ ಬಿಡಲಿಲ್ಲ. ಏದುಸಿರು ಬಿಡುತ್ತ, ಅವಳನ್ನು ಎತ್ತಿಕೊಂಡೇ ದಂಡೆ ಹತ್ತಿದಳು.